ಧಾರವಾಡದಿಂದ ಸಾಹಿತ್ಯ ತ್ರೈಮಾಸಿಕ ತರುವ ಬಗೆ

ಹೊಸ ಪತ್ರಿಕೆಯ ಮೊದಲ ಸಂಚಿಕೆ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ. ಗೆಳೆಯರೆಲ್ಲ ತಮ್ಮಲ್ಲಿದ್ದ ಒಳ್ಳೆಯ ಕವಿತೆ ಕೊಟ್ಟಿರುತ್ತಾರೆ, ಬಿಡುಗಡೆಯ ದಿನ ಸಭಾಂಗಣ ತುಂಬಿರುತ್ತದೆ, ಚಂದಾ ಪಾವತಿ ಪುಸ್ತಕ ಕೈಯಿಂದ ಕೈಗೆ ಓಡಾಡಿರುತ್ತದೆ. ತೊಡಕು ಕಾಣುವುದು ಮೂರನೆಯ ಸಂಚಿಕೆಗೆ. ಅಷ್ಟೊತ್ತಿಗೆ ಗೆಳೆಯರ ಬರಹ ತೀರಿರುತ್ತದೆ, ಪರಿಚಯವಿಲ್ಲದವರ ಬರಹ ಇನ್ನೂ ಬರಲು ಶುರುವಾಗಿರುವುದಿಲ್ಲ, ಪ್ರೆಸ್ಸಿನ ಎರಡನೆಯ ಬಿಲ್ಲು ಮೇಜಿನ ಮೇಲೆ ಕೂತಿರುತ್ತದೆ. ಹೀಗಾಗಿ ಪತ್ರಿಕೆಗಿಂತ ಮೊದಲು ಓದುವ ಕೂಟ ಕಟ್ಟಬೇಕು. ಪತ್ರಿಕೆ ಅದರ ಬೆನ್ನಿಗೆ ಬರಲಿ.

ಈ ಊರಿಗೆ ಇದು ಹೊಸ ಮಾತಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಅದರ ಪತ್ರಿಕೆ ‘ವಾಗ್ಭೂಷಣ’ ಬಂದದ್ದು ಆರು ವರ್ಷದ ಮೇಲೆ, 1896ರಲ್ಲಿ. ಮೊದಲು ಜನ, ಆಮೇಲೆ ಅಚ್ಚು. 1964ರಲ್ಲಿ ‘ಸಂಕ್ರಮಣ’ ಶುರುವಾದಾಗ ಅದಕ್ಕೆ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಎಂಬ ಮೂವರ ಹೆಗಲಿತ್ತು. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯಂತೂ ಪುಸ್ತಕದ ಮನೆಯಾಗಿದ್ದಷ್ಟೇ ಸುಭಾಸ ರಸ್ತೆಯ ‘ಅಟ್ಟ’ದ ಮಾತುಕತೆಯ ಮನೆಯೂ ಆಗಿತ್ತು.

ಕೂಟ

ಎಂಟರಿಂದ ಹನ್ನೆರಡು ಮಂದಿ ಸಾಕು. ಇಪ್ಪತ್ತಾದರೆ ಅದು ಸಭೆಯಾಗುತ್ತದೆ, ಸಭೆಯಾದರೆ ಭಾಷಣ ಬರುತ್ತದೆ. ತಿಂಗಳ ಒಂದೇ ಗೊತ್ತಾದ ದಿನ ಇಟ್ಟುಕೊಳ್ಳಿ. ಕೊನೆಯ ಭಾನುವಾರ ಸಂಜೆ 4ರಿಂದ 6 ಎಂದಿಟ್ಟರೆ ಗದಗ, ಹಾವೇರಿಯಿಂದ ಬಂದವರು ಬಸ್ಸು ಹಿಡಿದು ಹೊತ್ತಿಗೆ ಮನೆ ಮುಟ್ಟುತ್ತಾರೆ. ಆರಕ್ಕೆ ಮುಗಿಸುವುದಾಗಿ ಹೇಳಿ ಏಳೂವರೆಯವರೆಗೆ ಎಳೆದರೆ ಮೊದಲು ಬಿಟ್ಟುಹೋಗುವವರು ದೂರದವರು ಮತ್ತು ಹೆಣ್ಣುಮಕ್ಕಳು. ಎರಡು ತಿಂಗಳಲ್ಲಿ ಕೂಟ ಧಾರವಾಡದ ನಾಲ್ಕು ಓಣಿಯದಾಗಿ ಉಳಿಯುತ್ತದೆ.

ಒಂದು ಕೂಟಕ್ಕೆ ಮೂರು ಬರಹ, ಅದಕ್ಕಿಂತ ಹೆಚ್ಚು ಬೇಡ. ಕಥೆಯಾದರೆ 2,500 ಪದದೊಳಗೆ, ಕವಿತೆಯಾದರೆ ಒಬ್ಬರವು ಎರಡು ಅಥವಾ ಮೂರು. ಐದು ದಿನ ಮುಂಚೆ ಎಲ್ಲರಿಗೂ ಕಳಿಸಿ. ಕೂಟದಲ್ಲಿ ಬರಹವನ್ನು ಬರೆದವರ ಬದಲು ಬೇರೊಬ್ಬರು ಗಟ್ಟಿಯಾಗಿ ಓದಲಿ. ಬರೆದವರ ಬಾಯಲ್ಲಿ ಕುಂಟುವ ಸಾಲೂ ನಡೆದುಬಿಡುತ್ತದೆ, ಎಲ್ಲಿ ಉಸಿರು ತಗೋಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಬೇರೆಯವರು ಓದುವಾಗ ನಾಲಿಗೆ ತೊಡರಿದ ಕಡೆ ಅಂಚಿನಲ್ಲಿ ಒಂದು ಗೆರೆ ಹಾಕಿಕೊಳ್ಳಿ. ಆ ಗೆರೆಗಳೇ ಮುಂದೆ ತಿದ್ದುಪಡಿಯ ಪಟ್ಟಿ.

ಓದಿನ ನಂತರ ಬರೆದವರು ಇಪ್ಪತ್ತು ನಿಮಿಷ ಮಾತಾಡಬಾರದು. ಮೊದಲ ಮಾತು ಕೂಟದ ಅತಿ ಚಿಕ್ಕವರದು, ಕೊನೆಯ ಮಾತು ಹಿರಿಯರದು. ಈ ಒಂದು ನಿಯಮ ತಪ್ಪಿದರೆ ಕೂಟ ಕೆಡುತ್ತದೆ: ಸರ್ ಒಬ್ಬರು ಮೊದಲೇ “ಚಲೋ ಅದ” ಅಂದರೆ ಉಳಿದವರೆಲ್ಲ ಹೌದ್ರಿ ಹೌದ್ರಿ ಅನ್ನುತ್ತಾರೆ, ಬರೆದವರು ತಿದ್ದಲು ಏನೂ ಸಿಗದೆ ಮನೆಗೆ ಹೋಗುತ್ತಾರೆ. ಶಾಲು, ಹಾರ, ಸ್ವಾಗತ ಭಾಷಣ, ವಂದನಾರ್ಪಣೆ ಯಾವುದೂ ಬೇಡ. ಅವೆಲ್ಲ ಸೇರಿ ಮುಕ್ಕಾಲು ತಾಸು ತಿನ್ನುತ್ತವೆ. ಗಿರ್ಮಿಟ್ಟು, ಚಹಾ ಆರರ ನಂತರ.

ಇಂಥ ಆರು ಕೂಟ ನಡೆದ ಮೇಲೆ ಪತ್ರಿಕೆಯ ಮಾತೆತ್ತಿ. ಆಗ ಹದಿನೆಂಟು ಬರಹ ಓದಿರುತ್ತೀರಿ. ಮೂರರಲ್ಲಿ ಒಂದು ನಿಂತರೂ ಮೊದಲ ಸಂಚಿಕೆಯ ಬೆನ್ನೆಲುಬು ಸಿಕ್ಕಿತು.

ಬರಹ ತರಿಸಿಕೊಳ್ಳುವುದು, ಉತ್ತರ ಬರೆಯುವುದು

ಒಂದು ದಪ್ಪ ರಿಜಿಸ್ಟರು ಬೇಕು, ಕಂಪ್ಯೂಟರಿನಲ್ಲಿದ್ದರೂ ಸರಿ. ಕಾಲಂಗಳು ಇಷ್ಟು: ಕ್ರಮ ಸಂಖ್ಯೆ, ಬಂದ ದಿನ, ಹೆಸರು, ಪ್ರಕಾರ, ಓದಿದ ಇಬ್ಬರು, ತೀರ್ಮಾನ, ಉತ್ತರ ಬರೆದ ದಿನ. ಕೊನೆಯ ಕಾಲಂ ಖಾಲಿ ಉಳಿಯುತ್ತಾ ಹೋದರೆ ಪತ್ರಿಕೆಗೆ ರೋಗ ಹತ್ತಿದೆ ಎಂದೇ ತಿಳಿಯಿರಿ. 45 ದಿನದೊಳಗೆ ಹೌದು ಅಥವಾ ಇಲ್ಲ ಹೇಳಲೇಬೇಕು. ಇಲ್ಲ ಎನ್ನುವಾಗ “ಸ್ಥಳಾವಕಾಶದ ಅಭಾವದಿಂದ” ಎಂದು ಬರೆಯಬೇಡಿ, ಅದನ್ನು ಯಾರೂ ನಂಬುವುದಿಲ್ಲ. ಎರಡು ಸಾಲು ಸಾಕು, ಒಂದರಲ್ಲಿ ನಿಜವಾದ ಕಾರಣವಿರಲಿ: “ಕಥೆ ನಾಲ್ಕನೆಯ ಪುಟದಲ್ಲೇ ಮುಗಿದಿದೆ, ಮುಂದಿನ ಎರಡು ಪುಟ ವಿವರಣೆಯಾಗಿದೆ.” ಹೀಗೆ ಉತ್ತರ ಪಡೆದವರು ಮತ್ತೆ ಬರೆದು ಕಳಿಸುತ್ತಾರೆ. ಉತ್ತರವೇ ಸಿಗದವರು ಪತ್ರಿಕೆಯನ್ನು ಓದುವುದನ್ನೂ ಬಿಡುತ್ತಾರೆ.

ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು. ಹೀಗಾಗಿ ಆಯ್ಕೆಗೆ ಕೊಡುವ ಪ್ರತಿಯಿಂದ ಹೆಸರು ತೆಗೆದುಬಿಡಿ, ಕ್ರಮ ಸಂಖ್ಯೆ ಮಾತ್ರ ಇರಲಿ. ಇಬ್ಬರು ಬೇರೆಬೇರೆ ಓದಿ ಅಭಿಪ್ರಾಯ ಬರೆದ ಮೇಲೇ ಒಟ್ಟಿಗೆ ಕೂರಲಿ. ವಾಟ್ಸಾಪಿನಲ್ಲಿ ಬಂದ ಕವಿತೆ ಬೇಡ: ಸಣ್ಣ ಪರದೆಯಲ್ಲಿ ಉದ್ದ ಸಾಲು ತಾನಾಗಿ ಮಡಚಿಕೊಳ್ಳುತ್ತದೆ, ಸಾಲು ಮುರಿದದ್ದು ಕವಿಯೋ ಫೋನೋ ಎಂದು ತಿಳಿಯುವುದಿಲ್ಲ. ಇಮೇಲಿನಲ್ಲಿ ಯೂನಿಕೋಡ್ ಕಡತ, ಜೊತೆಗೆ ಒಂದು ಪಿಡಿಎಫ್, ಕೈಬರಹವಾದರೆ ಅಂಚೆಯಲ್ಲಿ.

ಆಡುಮಾತನ್ನು ಮುಟ್ಟುವ ಮುನ್ನ

ಈ ಭಾಗದ ಪತ್ರಿಕೆಯ ಸಂಪಾದಕರಿಗೆ ಇದಕ್ಕಿಂತ ದೊಡ್ಡ ಕೆಲಸವಿಲ್ಲ. ಕಥೆಯ ಮುದುಕಿ “ಮನಿಗೆ ಬಾ, ಬ್ಯಾಡ ಅನಬ್ಯಾಡ” ಅಂದಿರುತ್ತಾಳೆ. ಡಿಟಿಪಿ ಮಾಡುವವರು ಒಳ್ಳೆಯ ಮನಸ್ಸಿನಿಂದಲೇ “ಮನೆಗೆ” ಎಂದು ಬಡಿದಿರುತ್ತಾರೆ. ಪ್ರೂಫ್ ನೋಡುವವರು “ಬೇಡ” ಮಾಡಿರುತ್ತಾರೆ. ಮೂರು ಕೈ ದಾಟುವಷ್ಟರಲ್ಲಿ ಮುದುಕಿಯ ಮಾತು ಅರ್ಧ ಪಠ್ಯಪುಸ್ತಕ, ಅರ್ಧ ಓಣಿ. ಓದುಗರಿಗೆ ಸಿಟ್ಟು ಬರುವುದು ಆಡುಮಾತಿಗಲ್ಲ, ಈ ಅರ್ಧಂಬರ್ಧಕ್ಕೆ.

ಇದಕ್ಕೆ ಮದ್ದು ಪದಪಟ್ಟಿ. ಒಂದೊಂದು ಕಥೆಗೂ ಇಪ್ಪತ್ತು ಮೂವತ್ತು ರೂಪಗಳ ಪಟ್ಟಿಯನ್ನು ಲೇಖಕರ ಜೊತೆ ಕೂತು ಮಾಡಿ, ಕಥೆಯ ಮೊದಲ ಪುಟಕ್ಕೇ ಪಿನ್ನು ಹಾಕಿ. ಮೊದಲು ಎಕಾರ ಇಕಾರವಾಗುವ ನಾಮಪದಗಳು: ಮನಿ, ಎಲಿ, ಕುದರಿ. ಆಮೇಲೆ ‘ಯಾ’ ಮತ್ತು ‘ವಾ’ ಆಗಿ ತೆರೆದುಕೊಳ್ಳುವ ಸ್ವರಗಳು: ಮ್ಯಾಲ, ಬ್ಯಾಡ, ತ್ವಾಟ, ಹ್ವಾದ. ಆಮೇಲೆ ‘ಅಂದರೆ’, ‘ಬಂದರೆ’ಗಳ ಕೊನೆಯ ‘ಅರೆ’ಯ ರೂಪ: ಅಂದ್ರ, ಬಂದ್ರ. ಕಡೆಯದಾಗಿ, ಎಲ್ಲಕ್ಕಿಂತ ಹೆಚ್ಚು ತಪ್ಪಾಗುವ ನಡೆಯುತ್ತಿರುವ ಕ್ರಿಯೆ: ಮಾಡಾಕತ್ತಾನ, ಮಾಡ್ಲಿಕತ್ತಾನ. ಇವೆರಡೂ ಇಲ್ಲಿಯವೇ, ಆದರೆ ಒಂದೇ ಮನೆಯ ಒಂದೇ ಬಾಯಿಂದ ಸಾಮಾನ್ಯವಾಗಿ ಎರಡೂ ಬರುವುದಿಲ್ಲ. ಯಾವುದನ್ನು ಇಡಬೇಕು ಎಂಬುದು ಪಾತ್ರದ ಊರು, ಮನೆತನ, ವಯಸ್ಸಿನ ಪ್ರಶ್ನೆ. ರೋಣದ ಒಕ್ಕಲುತನದ ಮನೆಯಾಕೆಗೂ ಮಾಳಮಡ್ಡಿಯ ನಿವೃತ್ತ ಮಾಸ್ತರರಿಗೂ ಒಂದೇ ಮಾತು ಕೊಟ್ಟರೆ ಧಾರವಾಡದ ಓದುಗರು ಮೊದಲ ಪುಟದಲ್ಲೇ ಹಿಡಿಯುತ್ತಾರೆ.

ಬೆಂಗಳೂರು, ಮೈಸೂರಿನ ಓದುಗರಿಗೆ ತಿಳಿಯಲಿಕ್ಕಿಲ್ಲ ಎಂದು ಅಡಿಟಿಪ್ಪಣಿ ತುಂಬಬೇಡಿ. ಅಬಚಿ ಎಂದರೆ ಯಾರು ಎಂಬುದು ಆಕೆ ತಾಯಿಯ ತಂಗಿಯಾಗಿ ಮನೆಯೊಳಗೆ ಬಂದು ನಿಂತಾಗ ತಾನೇ ತಿಳಿಯುತ್ತದೆ. ನಿರೂಪಣೆ ಶಿಷ್ಟದಲ್ಲಿ, ಸಂಭಾಷಣೆ ಆಡುಮಾತಿನಲ್ಲಿ ಎಂಬುದು ರೂಢಿಯೇ ಹೊರತು ಕಾನೂನಲ್ಲ. ನಿರೂಪಣೆಯೂ ಆಡುಮಾತಿನಲ್ಲಿದ್ದರೆ ಪಟ್ಟಿ ಉದ್ದವಾಗುತ್ತದೆ, ಅಷ್ಟೆ.

ಹಕ್ಕಿನ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸಾಧನಕೇರಿಯ ಊರಲ್ಲಿ ಬೇಂದ್ರೆಯವರ ಕವಿತೆಯನ್ನು ಎಲ್ಲರೂ ತಮ್ಮದೆಂದೇ ತಿಳಿದು ಅಚ್ಚು ಹಾಕುತ್ತಾರೆ. ಕವಿ ತೀರಿಕೊಂಡದ್ದು 1981ರಲ್ಲಿ. ಕೃತಿಸ್ವಾಮ್ಯ ಮರಣದ ಮುಂದಿನ ವರ್ಷದಿಂದ 60 ವರ್ಷ. ಅಂದರೆ 2041 ಮುಗಿಯುವವರೆಗೆ ಇಡೀ ಕವಿತೆ ಹಾಕಲು ಹಕ್ಕುದಾರರ ಒಪ್ಪಿಗೆ ಬೇಕು. 1964ರಲ್ಲಿ ತೀರಿಕೊಂಡ ಆಲೂರ ವೆಂಕಟರಾಯರು ಬದುಕಿದ್ದಾಗ ಪ್ರಕಟಿಸಿದ ಬರಹಗಳು 2025ರಿಂದ ಮುಕ್ತವಾಗಿವೆ. ಅವರು 1922ರಲ್ಲಿ ಶುರು ಮಾಡಿದ ‘ಜಯಕರ್ನಾಟಕ’ದಲ್ಲಿ ಅವರೇ ಬರೆದ ಲೇಖನಗಳನ್ನು ಹುಡುಕಿ ಮರುಮುದ್ರಿಸುವುದು ಒಳ್ಳೆಯ ಕೆಲಸ. ಅನುವಾದಕ್ಕೆ ಮೂಲ ಲೇಖಕರ ಒಪ್ಪಿಗೆ ಬರಹದಲ್ಲಿರಲಿ.

ಪುಟದ ಲೆಕ್ಕ, ಅಕ್ಷರದ ಲೆಕ್ಕ

ಡೆಮಿ ಅಷ್ಟದಳ, ಅಂದರೆ ಕತ್ತರಿಸಿದ ಮೇಲೆ ಹೆಚ್ಚುಕಡಿಮೆ 5.5 × 8.5 ಇಂಚು, ತ್ರೈಮಾಸಿಕಕ್ಕೆ ಅನುಕೂಲದ ಅಳತೆ. 18 × 23 ಇಂಚಿನ ಒಂದು ಹಾಳೆಯ ಎರಡೂ ಬದಿ ಅಚ್ಚಾದರೆ 16 ಪುಟ. ಅದೇ ಒಂದು ಫಾರ್ಮು. 64 ಪುಟ ಎಂದರೆ ನಾಲ್ಕು ಫಾರ್ಮು. 68 ಪುಟವಾದರೆ ಆ ನಾಲ್ಕು ಪುಟಕ್ಕಾಗಿ ಇನ್ನೊಂದು ಫಾರ್ಮಿನ ಕೆಲಸ ಬೀಳುತ್ತದೆ. ಹೀಗಾಗಿ ಬರಹ ಆರಿಸುವಾಗಲೇ ಪುಟ ಎಣಿಸಬೇಕು. 11.5 ಪಾಯಿಂಟ್ ಅಕ್ಷರ, ಸಾಲಿನ ಅಂತರ 16 ಪಾಯಿಂಟ್ ಇಟ್ಟರೆ ಪುಟಕ್ಕೆ ಸುಮಾರು 31 ಸಾಲು, 200 ಪದ ಹಿಡಿಯುತ್ತದೆ. ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಬರುವ ಲಿಪಿ ನಮ್ಮದು. ಅಂತರ 14ಕ್ಕೆ ಇಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಮುಖಪುಟದ ನಂತರದ ನಾಲ್ಕು ಪುಟ ಪರಿವಿಡಿ, ಸಂಪಾದಕೀಯ, ವಿಳಾಸಕ್ಕೆ ಹೋದರೆ ಉಳಿಯುವುದು 60 ಪುಟ. ಎರಡು ಕಥೆಗೆ 25, ಕವಿತೆಗೆ 10, ಒಂದು ಲೇಖನಕ್ಕೆ 10, ವಿಮರ್ಶೆಗೆ 6, ಅನುವಾದಕ್ಕೆ 6, ಓದುಗರ ಪತ್ರಕ್ಕೆ 3. ಕವಿತೆಗಳನ್ನು ಒಂದೇ ಪುಟಕ್ಕೆ ಎರಡು ತುರುಕಬೇಡಿ. ಕಥೆ ಮುಗಿದು ಉಳಿದ ಅರ್ಧ ಪುಟಕ್ಕೆ ಹನಿಗವನ ತುಂಬುವ ಅಭ್ಯಾಸ ಕಥೆಗೂ ಕೇಡು, ಹನಿಗವನಕ್ಕೂ ಕೇಡು.

ಅಕ್ಷರ ಕೆಡುವ ಜಾಗಗಳು ಯಾವಾಗಲೂ ಅವೇ. ಹಳೆಯ ‘ನುಡಿ’, ‘ಬರಹ’, ‘ಶ್ರೀಲಿಪಿ’ ಫಾಂಟುಗಳಲ್ಲಿರುವ ಕಡತವನ್ನು ಯೂನಿಕೋಡಿಗೆ ಬದಲಿಸುವಾಗ ನಡುವೆ ಇರುವ ಇಂಗ್ಲಿಷ್ ಪದ, ಅಂಕಿ, ಉದ್ಧರಣ ಚಿಹ್ನೆ ಕಲಸಿಹೋಗುತ್ತವೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆಯನ್ನು, ಅರ್ಕಾವತ್ತಿನ ಜಾಗದಲ್ಲಿ ಕನ್ನಡ ಒಂಬತ್ತನ್ನು ಬಡಿದವರ ಕಡತ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಫಾಂಟು ಬದಲಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ. ಆ ಎರಡು ಅಂಕಿಗಳನ್ನು ಕಡತದಲ್ಲಿ ಹುಡುಕಿಸಿ ಒಂದೊಂದನ್ನೂ ನೋಡಿ. ಜೊತೆಗೆ ಒಂದು ಪರೀಕ್ಷೆಯ ಸಾಲು ಇಟ್ಟುಕೊಳ್ಳಿ: ಸ್ವಾತಂತ್ರ್ಯ, ಸ್ಥೈರ್ಯ, ಲಕ್ಷ್ಮಿ, ರಾಷ್ಟ್ರ, ಜ್ಞಾನ, ಬಸ್‌ನಲ್ಲಿ. ಪುಟ ಕಟ್ಟುವ ಮೊದಲು ಈ ಸಾಲನ್ನು ಅದೇ ಫಾಂಟಿನಲ್ಲಿ, ಅದೇ ಕಂಪ್ಯೂಟರಿನಲ್ಲಿ ಅಚ್ಚು ತೆಗೆಸಿ. ಇನ್‌ಡಿಸೈನಿನಲ್ಲಿ ಕೆಲಸವಾದರೆ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಮಾಡಿರಬೇಕು; ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಪ್ರೆಸ್ಸಿಗೆ ಕೊಡುವುದು ಫಾಂಟು ಸೇರಿಸಿದ ಪಿಡಿಎಫ್ ಮಾತ್ರ.

ಪ್ರೂಫ್ ಮೂರು ಸಲ. ಮೊದಲನೆಯದು ಮೂಲದ ಜೊತೆ ಹೋಲಿಸಿ, ಇಬ್ಬರು ಕೂತು: ಒಬ್ಬರು ಓದಬೇಕು, ಒಬ್ಬರು ನೋಡಬೇಕು. ಎರಡನೆಯದು ಲೇಖಕರಿಗೆ. ಮೂರನೆಯದು ಪುಟ ಕಟ್ಟಿದ ಮೇಲೆ, ಕಾಗದದ ಮೇಲೆ. ಆಗ ಒಳಗಿನ ಸಾಲು ಬಿಟ್ಟು ಶೀರ್ಷಿಕೆ, ಹೆಸರು, ಪುಟ ಸಂಖ್ಯೆ, ಪರಿವಿಡಿ ಮಾತ್ರ ನೋಡಿ. ದೊಡ್ಡ ಅಕ್ಷರದ ತಪ್ಪು ಸಣ್ಣ ಅಕ್ಷರ ಓದುವ ಕಣ್ಣಿಗೆ ಕಾಣುವುದಿಲ್ಲ. ಲೇಖಕರ ಇನಿಶಿಯಲ್ಲು ತಪ್ಪುವುದೂ ಅಲ್ಲೇ.

ಪ್ರೆಸ್ಸು

ಹುಬ್ಬಳ್ಳಿ, ಧಾರವಾಡದಲ್ಲಿ ಆಫ್‌ಸೆಟ್ ಪ್ರೆಸ್ಸುಗಳಿಗೆ ಕೊರತೆಯಿಲ್ಲ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನಲ್ಲೂ ಒಮ್ಮೆ ದರ ಕೇಳಿ. ಮೂರು ಕಡೆ ಕೇಳುವಾಗ ಮೂರು ಕಡೆಗೂ ಒಂದೇ ಚೀಟಿ ಕೊಡಬೇಕು: ಡೆಮಿ ಅಷ್ಟದಳ, 64 ಪುಟ, ಒಳಪುಟ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮ್ಯಾಪ್‌ಲಿಥೋ ಕಾಗದ, ಒಂದೇ ಬಣ್ಣ, ರಕ್ಷಾಪುಟ 250 ಜಿಎಸ್‌ಎಂ ಆರ್ಟ್ ಕಾರ್ಡು, ನಾಲ್ಕು ಬಣ್ಣ, ನಡುವೆ ಎರಡು ಪಿನ್ನು, 500 ಪ್ರತಿ, ತೆರಿಗೆ ಸೇರಿ. ಚೀಟಿ ಬೇರೆಯಾದರೆ ದರ ಹೋಲಿಸಲು ಬರುವುದಿಲ್ಲ. ಪತ್ರಿಕೆಯ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಆದರೆ ಕಾಗದದ ಬಿಲ್ಲಿಗೆ ಇದೆ. ಮರೆತರೆ ಕೊನೆಗೆ ಬರುವ ಮೊತ್ತ ನೋಡಿ ಗಾಬರಿಯಾಗುತ್ತದೆ.

ಕಾಗದ ನೀವೇ ಕೊಳ್ಳುವುದಾದರೆ ಲೆಕ್ಕ ಸುಲಭ. 500 ಪ್ರತಿಗೆ ಫಾರ್ಮಿಗೊಂದು ರೀಮು, ಅಂದರೆ 500 ಹಾಳೆ. ನಾಲ್ಕು ಫಾರ್ಮಿಗೆ ನಾಲ್ಕು ರೀಮು. ಯಂತ್ರ ಹೊಂದಿಸುವಾಗ ಕೆಡುವ ಹಾಳೆಗೆ ಫಾರ್ಮಿಗೆ ಐವತ್ತರಂತೆ ಇನ್ನೂರು ಹಾಳೆ ಮೇಲೆ. ಅಚ್ಚ ಬಿಳಿಗಿಂತ ಸ್ವಲ್ಪ ಹಳದಿ ಛಾಯೆಯ ನ್ಯಾಚುರಲ್ ಶೇಡ್ ಕಣ್ಣಿಗೆ ಹಿತ, ಹಿಂಬದಿಯ ಅಕ್ಷರವೂ ಕಡಿಮೆ ಇಣುಕುತ್ತದೆ. ಮುನ್ನೂರಕ್ಕಿಂತ ಕಡಿಮೆ ಪ್ರತಿಯಾದರೆ ಡಿಜಿಟಲ್ ಮುದ್ರಣದ ದರವನ್ನೂ ಕೇಳಿ: ಆಫ್‌ಸೆಟ್ಟಿನಲ್ಲಿ ಫಾರ್ಮಿಗೆ ಎರಡರಂತೆ ಎಂಟು ಪ್ಲೇಟು (ಅಚ್ಚಿನ ತಗಡು), ರಕ್ಷಾಪುಟಕ್ಕೆ ಇನ್ನೂ ನಾಲ್ಕು ಬೇಕೇ ಬೇಕು, ಪ್ರತಿ ಕಡಿಮೆಯಾದಷ್ಟೂ ಆ ಖರ್ಚು ಒಂದೊಂದು ಪ್ರತಿಯ ಮೇಲೆ ಹೆಚ್ಚು ಬೀಳುತ್ತದೆ.

ತಿಂಗಳು ಆರಿಸುವಾಗ ಪ್ರೆಸ್ಸಿನ ಸುಗ್ಗಿ ತಪ್ಪಿಸಿ. ದೀಪಾವಳಿಗೆ ಮೊದಲು ವಿಶೇಷಾಂಕ, ಡಿಸೆಂಬರಿನಲ್ಲಿ ಕ್ಯಾಲೆಂಡರು, ಡೈರಿ, ಬೇಸಿಗೆಯಲ್ಲಿ ಲಗ್ನಪತ್ರಿಕೆ. ಆಗ ನಿಮ್ಮ 500 ಪ್ರತಿಯ ಕೆಲಸ ಮೂಲೆಗೆ ಸರಿಯುತ್ತದೆ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಇಟ್ಟುಕೊಂಡರೆ ಮೇ ಸಂಚಿಕೆಯ ಕಡತವನ್ನು ಯುಗಾದಿಯ ಹೊತ್ತಿಗೆ, ನವೆಂಬರಿನದನ್ನು ದಸರೆಗೆ ಮೊದಲೇ ಮುಟ್ಟಿಸಿ. ಆಗಸ್ಟಿನದು ಮಳೆಯ ಸಂಚಿಕೆ. ಧಾರವಾಡದ ಜಿಟಿಜಿಟಿಯಲ್ಲಿ ಕಾಗದ ತೇವ ಹೀರಿ ಅಂಚು ಅಲೆಯಾಗುತ್ತದೆ, ಮಸಿ ಒಣಗಲು ಹೊತ್ತು ಬೇಕು. ಹಸಿಯಾಗಿರುವಾಗಲೇ ಮಡಚಿದರೆ ಎದುರಿನ ಪುಟಕ್ಕೆ ಅಕ್ಷರದ ನೆರಳು ಹತ್ತುತ್ತದೆ. ಕಟ್ಟುವ ಕೆಲಸಕ್ಕೆ ಎರಡು ಮೂರು ದಿನ ಹೆಚ್ಚು ಕೊಡಿ, ಬಂದ ಗಂಟುಗಳನ್ನು ನೆಲಕ್ಕಿಡದೆ ಹಲಗೆಯ ಮೇಲಿಡಿ.

ನೋಂದಣಿ

2024ರ ಮಾರ್ಚ್ 1ರಿಂದ ಪತ್ರಿಕೆಗಳ ನೋಂದಣಿಗೆ 1867ರ ಹಳೆಯ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ. ಹೆಸರು ಮತ್ತು ನೋಂದಣಿಗೆ ಅರ್ಜಿ ಒಂದೇ, ಕೇಂದ್ರ ಸರ್ಕಾರದ ‘ಪ್ರೆಸ್ ಸೇವಾ’ ಪೋರ್ಟಲಿನಲ್ಲಿ. ಒಂದೇ ಹೆಸರಿಗೆ ಜೋತುಬೀಳಬೇಡಿ, ಇಷ್ಟದ ಕ್ರಮದಲ್ಲಿ ನಾಲ್ಕೈದು ಯೋಚಿಸಿಡಿ. ಕನ್ನಡದಲ್ಲಿ ಈಗಾಗಲೇ ಇರುವ ಹೆಸರಿಗೆ ಹತ್ತಿರವಾದದ್ದು ಸಿಗುವುದಿಲ್ಲ. ಹೆಸರು ಕೈಗೆ ಬರುವ ಮೊದಲು ಮುಖಪುಟ, ರಬ್ಬರ್ ಸ್ಟ್ಯಾಂಪು ಮಾಡಿಸಬೇಡಿ. “ಖಾಸಗಿ ಪ್ರಸಾರಕ್ಕೆ ಮಾತ್ರ” ಎಂದು ಅಚ್ಚು ಹಾಕಿ ಊರೆಲ್ಲ ಚಂದಾ ಎತ್ತುವುದು ಸರಿಯಲ್ಲ. ವರ್ಷಕ್ಕೊಂದು ಸಂಕಲನ ಸಾಕೆನ್ನುವವರು ಅದನ್ನು ಪುಸ್ತಕವಾಗಿಯೇ ತರಲಿ. ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆಗೆ ಶುಲ್ಕವಿಲ್ಲ.

ಚಂದಾ ಮತ್ತು ಅಂಚೆ

ಬಿಡಿ ಪ್ರತಿಯ ಬೆಲೆ ಕಟ್ಟುವಾಗ ಬಹುಪಾಲು ಪತ್ರಿಕೆಗಳು ಎಡವುತ್ತವೆ. ಖರ್ಚನ್ನು ಅಚ್ಚಾದ ಪ್ರತಿಗಳಿಂದ ಭಾಗಿಸಬಾರದು, ದುಡ್ಡು ಬರುವ ಪ್ರತಿಗಳಿಂದ ಭಾಗಿಸಬೇಕು. 500 ಅಚ್ಚಾದರೆ ಲೇಖಕರಿಗೆ, ಗ್ರಂಥಾಲಯಗಳಿಗೆ, ವಿಮರ್ಶಕರಿಗೆ, ವಿನಿಮಯದ ಪತ್ರಿಕೆಗಳಿಗೆ ಹೋದವು ಹೋದವೇ. ಚಂದಾದಾರರು 300 ಇದ್ದರೆ ಒಂದು ಸಂಚಿಕೆಯ ಮುದ್ರಣ, ಡಿಟಿಪಿ, ಲಕೋಟೆ, ಅಂಚೆ ಎಲ್ಲ ಕೂಡಿಸಿ 300ರಿಂದ ಭಾಗಿಸಿ, ನಾಲ್ಕರಿಂದ ಗುಣಿಸಿ. ಅದು ವರ್ಷದ ಚಂದಾದ ಕನಿಷ್ಠ. ಒಂದು ವರ್ಷದ ನಾಲ್ಕೂ ಸಂಚಿಕೆಯ ದುಡ್ಡು ಬ್ಯಾಂಕಿನಲ್ಲಿ ಇಲ್ಲದೆ ಮೊದಲನೆಯದನ್ನು ಪ್ರೆಸ್ಸಿಗೆ ಕೊಡಬೇಡಿ. ಮನೋಹರ ಗ್ರಂಥಮಾಲೆ ವರ್ಷದ ಚಂದಾ ಮುಂಗಡ ಪಡೆದು ಪುಸ್ತಕ ಮುಟ್ಟಿಸಿ ದಶಕಗಳ ಕಾಲ ನಡೆದದ್ದನ್ನು ನೋಡಿ.

ಆಜೀವ ಚಂದಾ ಬೇಡವೇ ಬೇಡ. ಬಂದ ಹಣ ಎರಡು ಸಂಚಿಕೆಯಲ್ಲಿ ಕರಗುತ್ತದೆ, ಅಂಚೆ ಖರ್ಚು ಮಾತ್ರ ಇಪ್ಪತ್ತು ವರ್ಷ ನಡೆಯುತ್ತದೆ. ಮೂರು ವರ್ಷದ ಚಂದಾ ಇಡಿ. ಲಕೋಟೆಯ ವಿಳಾಸದ ಚೀಟಿಯ ಮೇಲೇ ಚಂದಾ ಮುಗಿಯುವ ತಿಂಗಳು ಅಚ್ಚಾಗಿರಲಿ. ನೆನಪಿನ ಪತ್ರದ ಖರ್ಚು ಉಳಿಯುತ್ತದೆ.

ನೋಂದಾಯಿತ ಪತ್ರಿಕೆಗಳಿಗೆ ಅಂಚೆಯವರು ಕೊಡುವ ರಿಯಾಯಿತಿ ದರ 31 ದಿನಕ್ಕಿಂತ ಹೆಚ್ಚು ಅಂತರದಲ್ಲಿ ಬರುವ ಪತ್ರಿಕೆಗೆ ಇಲ್ಲ. ತ್ರೈಮಾಸಿಕದವರು ಇದನ್ನು ಮೊದಲೇ ತಿಳಿದು ಲೆಕ್ಕ ಹಾಕಬೇಕು. ತೂಕವನ್ನೂ ನೋಡಿ: ಮೇಲೆ ಹೇಳಿದ ಕಾಗದದಲ್ಲಿ 64 ಪುಟದ ಪ್ರತಿ ಸುಮಾರು 83 ಗ್ರಾಂ, ಲಕೋಟೆ ಸೇರಿದರೂ ನೂರರೊಳಗೆ. 80 ಪುಟವಾದರೆ ಪ್ರತಿಯೇ ನೂರಕ್ಕೆ ಬಂದು ನಿಲ್ಲುತ್ತದೆ, ಲಕೋಟೆ ಅದನ್ನು ದಾಟಿಸುತ್ತದೆ. ಒಂದು ಮಾದರಿ ಪ್ರತಿಯನ್ನು ಲಕೋಟೆಯೊಳಗಿಟ್ಟು ಅಂಚೆ ಕಚೇರಿಯ ತಕ್ಕಡಿಯಲ್ಲೇ ತೂಗಿಸಿ, ಅಂದಿನ ದರ ಬರೆದುಕೊಂಡು ಬಂದ ಮೇಲೇ ಪುಟದ ಸಂಖ್ಯೆ ಗಟ್ಟಿ ಮಾಡಿ. ಗದಗ, ಹಾವೇರಿಯ ಪ್ರತಿಗಳನ್ನು ಬಿಡಿಬಿಡಿಯಾಗಿ ಅಂಚೆಗೆ ಹಾಕುವ ಬದಲು ಸಾರಿಗೆ ಬಸ್ಸಿನ ಪಾರ್ಸಲ್‌ನಲ್ಲಿ ಒಂದೇ ಗಂಟು ಕಳಿಸಿ, ಕೂಟದ ಅಲ್ಲಿಯ ಗೆಳೆಯರೊಬ್ಬರು ಹಂಚಲಿ.

ಹತ್ತು ಪ್ರತಿ ಯಾರಿಗೂ ಕೊಡದೆ ಎತ್ತಿಡಿ. ವಿದ್ಯಾವರ್ಧಕ ಸಂಘಕ್ಕೆ, ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ಕೈಯಾರೆ ಮುಟ್ಟಿಸಿ ರಸೀತಿ ಪಡೆಯಿರಿ. “ವಿಳಾಸದಾರರಿಲ್ಲ” ಎಂದು ವಾಪಸು ಬಂದ ಲಕೋಟೆಗಳನ್ನು ಆ ವಾರವೇ ಪಟ್ಟಿಯ ಜೊತೆ ತಾಳೆ ನೋಡಿ, ಫೋನು ಮಾಡಿ ಹೊಸ ವಿಳಾಸ ಕೇಳಿ. ಹಿಂಬದಿಯ ರಕ್ಷಾಪುಟವನ್ನು ಜಾಹೀರಾತಿಗೆ ಪೂರ್ತಿ ಬಿಟ್ಟುಕೊಡಬೇಡಿ. ಕೆಳಗಿನ ಎರಡು ಇಂಚಿನಲ್ಲಿ ಮುಂದಿನ ಮೂರು ಕೂಟಗಳ ದಿನಾಂಕ, ಜಾಗ, ಬರಹ ಕಳಿಸಲು ಕೊನೆಯ ದಿನ ಅಚ್ಚಾಗಿರಲಿ.